ಬೇಸ್‌ಬಾಲ್‌ನ ಸಾರ್ವಕಾಲಿಕ ಒಂಬತ್ತು: ಜಗಳ ಹುಟ್ಟೋದು ಎಲ್ಲಿ?

1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಆಟಗಾರರ ಅಂಗಿಯ ಬೆನ್ನಿಗೆ ನಂಬರ್ ಹೊಲಿಸಿತು. ಯಾರಿಗೆ ಯಾವ ನಂಬರ್ ಅಂತ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಎಷ್ಟನೆಯವರಾಗಿ ಬ್ಯಾಟ್ ಹಿಡಿದು ಬರುತ್ತಾರೋ ಅದೇ ನಂಬರ್. ಮೊದಲು ಬರುತ್ತಿದ್ದ ಅರ್ಲ್ ಕೂಂಬ್ಸ್‌ಗೆ 1. ಮಾರ್ಕ್ ಕೇನಿಗ್‌ಗೆ 2. ಬೇಬ್ ರೂತ್‌ಗೆ 3, ಲೂ ಗೆರಿಗ್‌ಗೆ 4, ಬಾಬ್ ಮ್ಯೂಸಲ್‌ಗೆ 5, ಟೋನಿ ಲಜೆರಿಗೆ 6. ರೂತ್ ಹೆಸರಿನ ಜೊತೆ ಅಂಟಿಕೊಂಡಿರುವ ಆ 3 ಅವರ ಅದೃಷ್ಟ ಸಂಖ್ಯೆ ಏನಲ್ಲ. ಅದು ಸರದಿಯ ಚೀಟಿ, ಅಷ್ಟೇ.

ಈ ಚೀಟಿಯ ಮೇಲೇ ನೂರು ವರ್ಷದಿಂದ ಅಮೆರಿಕದಲ್ಲಿ ಜಗಳ ನಡೀತಿದೆ. ಸಾರ್ವಕಾಲಿಕ ಶ್ರೇಷ್ಠ ಲೈನ್‌ಅಪ್, ಅಂದರೆ ಸರದಿಯಲ್ಲಿ ಬ್ಯಾಟ್ ಹಿಡಿದು ಬರುವ ಒಂಬತ್ತು ಜನರ ಸಾಲು, ಯಾವುದು? 1927ರ ಯಾಂಕೀಸಾ, 1976ರ ಸಿನ್ಸಿನಾಟಿ ರೆಡ್ಸಾ? ಒಂದೇ ತಂಡದ ಎಲ್ಲ ಕಾಲದವರನ್ನೂ ಕಲೆಹಾಕಿದರೆ ಸೆಂಟರ್ ಫೀಲ್ಡ್‌ಗೆ, ಅಂದರೆ ಹೊರಗಿನ ಹುಲ್ಲಿನ ನಡುಭಾಗಕ್ಕೆ, ಯಾರು? ನಮ್ಮಲ್ಲಿ ಕ್ರಿಕೆಟ್‌ನ ಹನ್ನೊಂದರ ಬಗ್ಗೆ ಕಟ್ಟೆ ಮೇಲೆ ಕೂತು ವಾದ ಮಾಡ್ತೀವಲ್ಲ, ಅದೇ ಥರ. ಆದರೆ ಇಲ್ಲಿ ವಾದ ಮಾಡುವವರು ಬಹಳ ಸಲ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾರೆ. ಅದು ಅವರಿಗೇ ಗೊತ್ತಿರುವುದಿಲ್ಲ.

ಮೊದಲು ಸರದಿ ಅಂದರೇನು ಅಂತ ನೋಡೋಣ. ಕ್ರಿಕೆಟ್‌ನಲ್ಲಿ ಔಟಾದವನು ಪೆವಿಲಿಯನ್‌ಗೆ ಹೋದ, ಅಲ್ಲಿಗೆ ಮುಗೀತು. ಬೇಸ್‌ಬಾಲ್‌ನಲ್ಲಿ ಔಟಾದವನು ಬೆಂಚಿನ ಮೇಲೆ ಕೂತು ನೀರು ಕುಡಿದು ಮತ್ತೆ ತನ್ನ ಸರದಿಗೆ ಕಾಯುತ್ತಾನೆ. ಒಂಬತ್ತು ಜನರ ಸಾಲು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತೆ. ಮೂರು ಔಟ್ ಆದರೆ ಇನಿಂಗ್ಸ್ ಮುಗಿಯಿತು. ಮುಂದಿನ ಇನಿಂಗ್ಸ್ ಸಾಲು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು. ಇಂಥ ಒಂಬತ್ತು ಇನಿಂಗ್ಸ್ ಸೇರಿದರೆ ಒಂದು ಪಂದ್ಯ. ರನ್ ಬೇಕು ಅಂತ ಮಧ್ಯದಲ್ಲಿ ದೊಡ್ಡ ಹೊಡೆತಗಾರನನ್ನು ಮುಂದಕ್ಕೆ ಕಳಿಸುವ ಹಾಗಿಲ್ಲ. ಪಂದ್ಯಕ್ಕೆ ಮುಂಚೆ ಅಂಪೈರ್ ಕೈಗೆ ಕೊಟ್ಟ ಚೀಟಿಯೇ ಕೊನೆ ಮಾತು. ಬದಲಿ ಆಟಗಾರನನ್ನು ಇಳಿಸಬಹುದು, ಆದರೆ ಹೊರಗೆ ಹೋದವನು ಆ ಪಂದ್ಯದಲ್ಲಿ ವಾಪಸ್ ಬರುವಂತಿಲ್ಲ.

ಹಾಗಾಗಿ ಮೇಲಿನ ಜಾಗ ಸಿಕ್ಕವನಿಗೆ ಜಾಸ್ತಿ ಸರದಿ. ಎಷ್ಟು ಜಾಸ್ತಿ? ಮನೆಯಲ್ಲೇ ಲೆಕ್ಕ ಹಾಕಬಹುದು. ಈಗ ಸೀಸನ್‌ಗೆ 162 ಪಂದ್ಯ. ಒಂದು ಪಂದ್ಯದ ಕಟ್ಟಕಡೆಯ ಬ್ಯಾಟರ್ ಒಂಬತ್ತರಲ್ಲಿ ಯಾರು ಬೇಕಾದರೂ ಆಗಬಹುದು. 162ನ್ನು 9ರಿಂದ ಭಾಗಿಸಿ, 18 ಬಂತು. ಒಂದು ಮೆಟ್ಟಿಲು ಕೆಳಗಿಳಿದರೆ ವರ್ಷಕ್ಕೆ ಸುಮಾರು 18 ಸರದಿ ಖೋತಾ. ಮೊದಲನೆಯವನಿಗೂ ಒಂಬತ್ತನೆಯವನಿಗೂ ಹೆಚ್ಚುಕಮ್ಮಿ 144 ಸರದಿಗಳ ಅಂತರ. ಅದಕ್ಕೇ ಈಗಿನ ಲೆಕ್ಕದ ಹುಡುಗರು ತಂಡದ ಅತ್ಯುತ್ತಮ ಬ್ಯಾಟರನ್ನು ಎರಡನೇ ಜಾಗದಲ್ಲಿ ನಿಲ್ಲಿಸಿ ಅನ್ನುತ್ತಾರೆ.

ಹಳೆಯ ಪದ್ಧತಿ ಬೇರೆ. ಬ್ಯಾಟ್ ಮಾಡಿದವನು ಮೂರು ಬೇಸ್ ಮುಟ್ಟಿ ಹೊರಟ ಜಾಗಕ್ಕೆ, ಅಂದರೆ ‘ಮನೆ’ಗೆ, ವಾಪಸ್ ಬಂದರೆ ಒಂದು ರನ್. ಮೊದಲನೆಯವನು ಹೇಗಾದರೂ ಮಾಡಿ ಬೇಸ್ ಸೇರಿಕೊಳ್ಳಬೇಕು, ಓಡುವವನಾಗಿರಬೇಕು. ಎರಡನೆಯವನು ಅವನನ್ನು ಮುಂದೆ ತಳ್ಳಬೇಕು. ಮೂರನೆಯವನು ತಂಡದ ಒಟ್ಟಾರೆ ಒಳ್ಳೆಯ ಬ್ಯಾಟರ್. ನಾಲ್ಕನೆಯವನು ಗುಡಿಸುವವನು. ಬೇಸ್‌ಗಳ ಮೇಲೆ ನಿಂತವರನ್ನೆಲ್ಲ ಒಂದೇ ಏಟಿಗೆ ಮನೆಗೆ ಕಳಿಸಬೇಕು, ಅದಕ್ಕೇ ಆ ಜಾಗಕ್ಕೆ ‘ಕ್ಲೀನ್‌ಅಪ್’ ಅಂತ ಹೆಸರು. ಕೂಂಬ್ಸ್, ಕೇನಿಗ್, ರೂತ್, ಗೆರಿಗ್ ಈ ಪಾಠದ ಹಾಗೇ ಇದ್ದರು.

1927ರ ಆ ಸಾಲಿಗೆ ‘ಮರ್ಡರರ್ಸ್ ರೋ’, ಅಂದರೆ ಕೊಲೆಗಡುಕರ ಸಾಲು, ಅಂತ ಹೆಸರು. ಆ ವರ್ಷ ಯಾಂಕೀಸ್ 110 ಪಂದ್ಯ ಗೆದ್ದು 44 ಸೋತರು. ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಗೆದ್ದ ತಂಡಗಳ ನಡುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಪಿಟ್ಸ್‌ಬರ್ಗ್‌ಗೆ ಒಂದು ಪಂದ್ಯವನ್ನೂ ಬಿಟ್ಟುಕೊಡಲಿಲ್ಲ. ರೂತ್ 60 ಹೋಮ್ ರನ್ (ಬೇಲಿ ದಾಟುವ ಹೊಡೆತ, ನಮ್ಮ ಸಿಕ್ಸರ್ ಥರ) ಹೊಡೆದರು. 60 ಅಂದರೆ ಎಷ್ಟು ಅಂತ ತಿಳಿಯಬೇಕಾದರೆ ಪಕ್ಕದ ಸಂಖ್ಯೆ ನೋಡಬೇಕು. ಅಮೆರಿಕನ್ ಲೀಗ್‌ನಲ್ಲಿ ಯಾಂಕೀಸ್ ಬಿಟ್ಟರೆ ಅತಿ ಹೆಚ್ಚು ಹೋಮ್ ರನ್ ಹೊಡೆದ ತಂಡ ಫಿಲಡೆಲ್ಫಿಯಾ. ಇಡೀ ತಂಡ ಸೇರಿ 56. ಲೀಗ್‌ನ ಎಂಟೂ ತಂಡಗಳ ಒಟ್ಟು ಮೊತ್ತ 439. ಅಲ್ಲಿಗೆ ಏಳಕ್ಕೆ ಒಂದರ ಹತ್ತಿರ ಹತ್ತಿರ ಒಬ್ಬನೇ ಮನುಷ್ಯನದು.

ಈಗ ಎದುರಾಳಿ ಪಿಚರ್, ಅಂದರೆ ಚೆಂಡು ಎಸೆಯುವವನ, ಜಾಗದಲ್ಲಿ ನಿಂತು ನೋಡಿ. ಕೂಂಬ್ಸ್ ಬೇಸ್ ಮೇಲೆ ನಿಂತಿದ್ದಾರೆ. ಎದುರಿಗೆ ರೂತ್. ಹೊಡೆಯುವ ಜಾಗಕ್ಕೆ ಚೆಂಡು ಹಾಕಿದರೆ ಅದು ಗ್ಯಾಲರಿಯಲ್ಲಿ ಸಿಗುತ್ತೆ. ಬೇಡಪ್ಪ ಅಂತ ನಾಲ್ಕು ಚೆಂಡು ಹೊರಗೆ ಹಾಕಿದರೆ ‘ವಾಕ್’, ರೂತ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದುಕೊಂಡು ಹೋಗುತ್ತಾರೆ. ಆ ವರ್ಷ ಹಾಗೆ 137 ಸಲ ಹೋದರು. ಹೋದ ಮೇಲೆ ಬರುವವರು ಯಾರು? ಗೆರಿಗ್. 0.373 ಸರಾಸರಿ, 47 ಹೋಮ್ ರನ್. ಹತ್ತು ಸಲ ಬಂದರೆ ಹೆಚ್ಚುಕಮ್ಮಿ ನಾಲ್ಕು ಸಲ ಹಿಟ್ ಹೊಡೆಯುವವರು, ಅಂದರೆ ಹೊಡೆತದಿಂದಲೇ ಬೇಸ್ ಸೇರುವವರು. ಬೇಸ್‌ಬಾಲ್‌ನಲ್ಲಿ ಹತ್ತಕ್ಕೆ ಮೂರು ಹೊಡೆದವನೇ ಒಳ್ಳೆಯ ಬ್ಯಾಟರ್. ಒಟ್ಟಿನಲ್ಲಿ ಪಿಚರ್‌ಗೆ ಅತ್ತ ದರಿ ಇತ್ತ ಪುಲಿ. ಆ ವರ್ಷ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದೂ ಗೆರಿಗ್‌ಗೇ. ಅದಕ್ಕೆ ಒಂದು ತಮಾಷೆಯ ಕಾರಣವೂ ಇದೆ. ಒಂದು ಸಲ ಗೆದ್ದವರಿಗೆ ಮತ್ತೆ ಕೊಡಬಾರದು ಅನ್ನೋ ನಿಯಮ ಆಗ ಇತ್ತು, ರೂತ್ 1923ರಲ್ಲೇ ಗೆದ್ದಿದ್ದರು.

ಸಾಲಿನಲ್ಲಿ ಹಿಂದೆ ಯಾರಿದ್ದಾರೆ ಅನ್ನೋದು ಎಷ್ಟು ಮುಖ್ಯ ಅನ್ನೋದಕ್ಕೆ ಜನ ಕೊಡುವ ಇನ್ನೊಂದು ಉದಾಹರಣೆ 1961. ರೋಜರ್ ಮ್ಯಾರಿಸ್ 61 ಹೊಡೆದು ರೂತ್ ದಾಖಲೆ ಮುರಿದ ವರ್ಷ. 61 ಹೋಮ್ ರನ್ ಹೊಡೆಯುತ್ತಿರುವವನನ್ನು ಯಾವ ಮ್ಯಾನೇಜರ್ ಆದರೂ ಆಗಾಗ ಬೇಕಂತಲೇ ವಾಕ್ ಕೊಟ್ಟು ಕಳಿಸುತ್ತಾನೆ. ಮ್ಯಾರಿಸ್‌ಗೆ ಆ ಇಡೀ ವರ್ಷ ಬೇಕಂತಲೇ ಕೊಟ್ಟ ವಾಕ್ ಎಷ್ಟು ಗೊತ್ತಾ? ಸೊನ್ನೆ. ಯಾಕಂದ್ರೆ ಅವರ ಹಿಂದೆ ಬರುತ್ತಿದ್ದವರು ಮಿಕಿ ಮ್ಯಾಂಟಲ್. ಅವರು ಆ ವರ್ಷ 54 ಹೊಡೆದರು. ಸಾಮಾನ್ಯವಾಗಿ ಈ ರಕ್ಷಣೆಯ ಲಾಭ ಜನ ಅಂದುಕೊಂಡಷ್ಟು ದೊಡ್ಡದಲ್ಲ ಅಂತ ಲೆಕ್ಕ ಬಲ್ಲವರು ಹೇಳುತ್ತಾರೆ. ಇರಬಹುದು. ಆದರೂ ಆ ಸೊನ್ನೆ ನೋಡಿದಾಗಲೆಲ್ಲ ನನಗೆ ಪಿಚರ್ ಮುಖ ಕಣ್ಣ ಮುಂದೆ ಬರುತ್ತೆ.

ಸರಿ, ಹಾಗಾದರೆ 1927ರ ಸಾಲೇ ಶ್ರೇಷ್ಠ ಅಂತ ಮುಗಿಸಿಬಿಡಬಹುದಲ್ಲ? ಮುಗಿಸೋಕೆ ಆಗಲ್ಲ. ಯಾಕಂದ್ರೆ ಆ ಸಾಲಿನ ಮೇಲರ್ಧ ಭಯಂಕರ, ಕೆಳಗೆ ಹೋಗ್ತಾ ಹೋಗ್ತಾ ಸಾಧಾರಣ. ಮೂರನೇ ಬೇಸ್‌ನ ಜೋ ಡ್ಯೂಗನ್ ಹೊಡೆದದ್ದು 0.269. ಒಂಬತ್ತನೇ ಜಾಗದಲ್ಲಿ ಪಿಚರ್ರೇ ಬ್ಯಾಟ್ ಹಿಡಿಯಬೇಕಿತ್ತು. ಇಲ್ಲಿಗೆ ರೆಡ್ಸ್ ಪರ ವಕೀಲರು ಎದ್ದು ನಿಲ್ಲುತ್ತಾರೆ.

1975 ಮತ್ತು 1976ರ ಸಿನ್ಸಿನಾಟಿ ರೆಡ್ಸ್‌ಗೆ ‘ಬಿಗ್ ರೆಡ್ ಮಶೀನ್’ ಅಂತ ಹೆಸರು. ಪೀಟ್ ರೋಸ್, ಕೆನ್ ಗ್ರಿಫಿ, ಜೋ ಮಾರ್ಗನ್, ಜಾನಿ ಬೆಂಚ್, ಟೋನಿ ಪೆರೆಜ್, ಜಾರ್ಜ್ ಫಾಸ್ಟರ್, ಡೇವ್ ಕನ್ಸೆಪ್ಸಿಯೋನ್, ಸೀಸರ್ ಜೆರೋನಿಮೋ. ಪಿಚರ್ ಬಿಟ್ಟು ಎಂಟು ಜನ. ಇವರಲ್ಲಿ ರೋಸ್, ಬೆಂಚ್, ಮಾರ್ಗನ್, ಫಾಸ್ಟರ್ ನಾಲ್ವರೂ ಒಂದಲ್ಲ ಒಂದು ವರ್ಷ ನ್ಯಾಷನಲ್ ಲೀಗ್‌ನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವರು. ಬೆಂಚ್, ಮಾರ್ಗನ್ ಎರಡೆರಡು ಸಲ. ಮಾರ್ಗನ್ ಎರಡನೇ ಬೇಸ್ ಕಾಯುವ ಗಿಡ್ಡ ಮನುಷ್ಯ. 1975ರಲ್ಲಿ 0.327 ಹೊಡೆದು, 132 ವಾಕ್ ಪಡೆದು, 67 ಬೇಸ್ ಕದ್ದರು, ಅಂದರೆ ಯಾರೂ ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿ ಸೇರಿಕೊಂಡರು. ಅವರನ್ನು ಔಟ್ ಮಾಡೋದು ಕಷ್ಟ, ವಾಕ್ ಕೊಟ್ಟು ಕಳಿಸಿದರೆ ಕದಿಯುತ್ತಾರೆ.

ಈ ಸಾಲು ಸುಮ್ನೆ ಕೂಡಿ ಬಂದದ್ದಲ್ಲ. 1975ರ ಮೇ ತಿಂಗಳಲ್ಲಿ ಮ್ಯಾನೇಜರ್ ಸ್ಪಾರ್ಕಿ ಆ್ಯಂಡರ್ಸನ್‌ಗೆ ಒಂದು ತಲೆನೋವು ಇತ್ತು. ಫಾಸ್ಟರ್ ಒಳ್ಳೆಯ ಹೊಡೆತಗಾರ, ಆದರೆ ಅವರ ಜಾಗವಾದ ಲೆಫ್ಟ್ ಫೀಲ್ಡ್‌ನಲ್ಲಿ ರೋಸ್ ಇದ್ದಾರೆ. ಮೂರನೇ ಬೇಸ್‌ನಲ್ಲಿ ಇದ್ದವರಿಂದ ರನ್ ಬರುತ್ತಿಲ್ಲ. ಆ್ಯಂಡರ್ಸನ್ ರೋಸ್‌ರನ್ನು ಮೂರನೇ ಬೇಸ್‌ಗೆ ಹೋಗ್ತೀರಾ ಅಂತ ಕೇಳಿದರು. ಅಷ್ಟು ಹೊತ್ತಿಗೆ ರೋಸ್ ದೊಡ್ಡ ಹೆಸರು, ಒಲ್ಲೆ ಅನ್ನಬಹುದಿತ್ತು. ಹೋದರು. ಒಬ್ಬರು ಜಾಗ ಬದಲಿಸಿದ್ದಕ್ಕೆ ಎರಡು ತೂತು ಮುಚ್ಚಿತು. ಆ ವರ್ಷ 108 ಗೆಲುವು. ಮರುವರ್ಷ 102 ಗೆಲುವು, ಆಮೇಲೆ ಪ್ಲೇಆಫ್ ಮತ್ತು ವರ್ಲ್ಡ್ ಸೀರೀಸ್ ಸೇರಿ ಏಳಕ್ಕೆ ಏಳು. ಆ ಎಂಟೂ ಜನ ಒಟ್ಟಿಗೆ ಕಣಕ್ಕಿಳಿದದ್ದು ಆ ಎರಡು ವರ್ಷದಲ್ಲಿ ಬರೀ 88 ಪಂದ್ಯಗಳಲ್ಲಿ. ಅದರಲ್ಲಿ 69 ಗೆದ್ದರು.

ಇಲ್ಲಿ ಒಂದು ಮಾತು ಗಮನಿಸಿ. 1927ರವರ ಪರ ಮಾತಾಡುವವರು ಅತಿ ಎತ್ತರದ ಶಿಖರ ಯಾವುದು ಅಂತ ನೋಡುತ್ತಾರೆ. ರೆಡ್ಸ್ ಪರದವರು ತೂತೇ ಇಲ್ಲದ ಸಾಲು ಯಾವುದು ಅಂತ ನೋಡುತ್ತಾರೆ. ಮೂರನೇ ಗುಂಪಿನವರು ರನ್ ಅಂತರ ನೋಡಿ ಅನ್ನುತ್ತಾರೆ, ಅಂದರೆ ಹೊಡೆದ ರನ್‌ನಿಂದ ಬಿಟ್ಟುಕೊಟ್ಟ ರನ್ ಕಳೆದರೆ ಉಳಿಯುವುದು. ಆ ಲೆಕ್ಕಕ್ಕೆ ಇವರಿಬ್ಬರೂ ಅಲ್ಲ, 1939ರ ಯಾಂಕೀಸ್ ಮುಂದೆ. 967 ಹೊಡೆದು 556 ಬಿಟ್ಟುಕೊಟ್ಟರು, ಅಂತರ 411. ಸೋಜಿಗ ಏನಂದ್ರೆ ಆ ವರ್ಷ ರೂತ್ ಇರಲಿಲ್ಲ. ಗೆರಿಗ್ ಎಂಟು ಪಂದ್ಯ ಆಡಿ, ಮೈ ಕೈ ಮಾತು ಕೇಳುತ್ತಿಲ್ಲ ಅಂತ ಮೇ 2ರಂದು ತಾವಾಗಿಯೇ ಹೊರಗೆ ಕೂತರು. 2,130 ಪಂದ್ಯ ಒಂದೂ ತಪ್ಪದೆ ಆಡಿದ ಮನುಷ್ಯ. ಎರಡು ವರ್ಷಕ್ಕೆ ತೀರಿಕೊಂಡರು. ಬೇಸ್‌ಬಾಲ್‌ನಲ್ಲಿ ಯಾರಿಗೂ ಮತ್ತೆ ಕೊಡಬಾರದು ಅಂತ ಎತ್ತಿಟ್ಟ ಮೊದಲ ನಂಬರ್ ಅವರ 4.

ಹೆಚ್ಚು ಪಂದ್ಯ ಗೆದ್ದ ತಂಡವೇ ಶ್ರೇಷ್ಠ ಅಂತ ಹೇಳುವವರೂ ಇದ್ದಾರೆ. ಅವರ ಜೊತೆ ಜಾಸ್ತಿ ಹೊತ್ತು ಕೂರಬೇಕಿಲ್ಲ. 1906ರ ಶಿಕಾಗೊ ಕಬ್ಸ್ 116 ಗೆದ್ದು ವರ್ಲ್ಡ್ ಸೀರೀಸ್ ಸೋತರು. 2001ರ ಸಿಯಾಟಲ್ ಮ್ಯಾರಿನರ್ಸ್ ಕೂಡ 116 ಗೆದ್ದರು, ವರ್ಲ್ಡ್ ಸೀರೀಸ್‌ವರೆಗೂ ಬರಲಿಲ್ಲ.

ಇನ್ನು ಬೇರೆ ಬೇರೆ ಕಾಲದವರನ್ನು ಒಂದೇ ತಕ್ಕಡಿಯಲ್ಲಿ ತೂಗುವ ಕಷ್ಟ. ಇದೇ ನಿಜವಾದ ಗೋಜಲು. ಎರಡು ಸಂಖ್ಯೆ ಕೊಡ್ತೀನಿ. 1968ರಲ್ಲಿ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಕಿರೀಟ ಗೆದ್ದ ಬಾಸ್ಟನ್‌ನ ಕಾರ್ಲ್ ಯಸ್ಟ್ರೆಮ್ಸ್ಕಿ ಸರಾಸರಿ 0.301. ಇಡೀ ಲೀಗ್‌ನಲ್ಲಿ 0.300 ದಾಟಿದವರು ಅವರೊಬ್ಬರೇ. 1930ರಲ್ಲಿ ನ್ಯಾಷನಲ್ ಲೀಗ್‌ನ ಎಲ್ಲ ಬ್ಯಾಟರ್‌ಗಳ ಒಟ್ಟು ಸರಾಸರಿಯೇ 0.303. ಹೌದು, ಎಲ್ಲರದೂ ಸೇರಿ. ಪಿಚರ್‌ಗಳನ್ನೂ ಸೇರಿಸಿಕೊಂಡು! 1968ರ ರಾಜ 1930ಕ್ಕೆ ಹೋದರೆ ಸರಾಸರಿ ಮನುಷ್ಯ.

ಹಾಗಂತ ಯಸ್ಟ್ರೆಮ್ಸ್ಕಿ ಸಾಧಾರಣ ಅಂತ ಅಲ್ಲ. 1968 ಪಿಚರ್‌ಗಳ ವರ್ಷ. ಸೇಂಟ್ ಲೂಯಿಸ್‌ನ ಬಾಬ್ ಗಿಬ್ಸನ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.12 ರನ್ ಕೊಟ್ಟರು. ಪಿಚರ್ ನಿಲ್ಲುವ ಮಣ್ಣಿನ ದಿಬ್ಬ ಆಗ 15 ಇಂಚು ಎತ್ತರ. ಇದು ಅತಿಯಾಯಿತು ಅಂತ ಮರುವರ್ಷವೇ 10 ಇಂಚಿಗೆ ಇಳಿಸಿದರು, ಜೊತೆಗೆ ಸ್ಟ್ರೈಕ್ ಕೊಡುವ ಜಾಗವನ್ನೂ (ಅಲ್ಲಿಗೆ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೆ ಬ್ಯಾಟರ್ ಮೇಲೆ ಒಂದು ಸ್ಟ್ರೈಕ್) ಕಿರಿದು ಮಾಡಿದರು. 1930 ಅದಕ್ಕೆ ಪೂರ್ತಿ ಉಲ್ಟಾ. ಆ ವರ್ಷದ ಫಿಲಡೆಲ್ಫಿಯಾ ಫಿಲೀಸ್ ತಂಡದ ಸರಾಸರಿ 0.315. ಇಂಥ ಬ್ಯಾಟಿಂಗ್ ಇಟ್ಟುಕೊಂಡು ಅವರು 102 ಪಂದ್ಯ ಸೋತು ಕಟ್ಟಕಡೆಗೆ ಬಂದರು. ಅವರ ಪಿಚರ್‌ಗಳ ಗತಿ ಏನಾಗಿರಬೇಡ, ಅಲ್ವಾ?

ಅದಕ್ಕೇ ಬಲ್ಲವರು ಬರೀ ಸರಾಸರಿ ಕೇಳುವುದಿಲ್ಲ. ಆ ವರ್ಷ, ಆ ಲೀಗ್‌ನಲ್ಲಿ ಸಾಮಾನ್ಯ ಬ್ಯಾಟರ್ ಎಷ್ಟು ಹೊಡೆದ, ಇವನು ಅವನಿಗಿಂತ ಎಷ್ಟು ಮುಂದೆ ಅಂತ ಕೇಳುತ್ತಾರೆ. ಇದಕ್ಕೆ ಒಪಿಎಸ್ ಪ್ಲಸ್ ಅನ್ನೋ ಒಂದು ಅಳತೆ ಇದೆ. ಬೇಸ್ ಸೇರುವ ಪ್ರಮಾಣ, ಹೊಡೆತದ ಬಲ ಎರಡನ್ನೂ ಕೂಡಿಸಿ, ಕಾಲಕ್ಕೂ ಮೈದಾನಕ್ಕೂ ತಕ್ಕ ಹಾಗೆ ತಿದ್ದುತ್ತಾರೆ. ಸಾಮಾನ್ಯ ಬ್ಯಾಟರ್‌ಗೆ 100. ಮ್ಯಾಂಟಲ್‌ಗೆ ಇಡೀ ವೃತ್ತಿಜೀವನದ ಲೆಕ್ಕ 172. ರೂತ್‌ಗೆ 206, ಅಂದರೆ ತಮ್ಮ ಕಾಲದ ಸಾಮಾನ್ಯ ಬ್ಯಾಟರ್‌ನ ಎರಡರಷ್ಟಕ್ಕಿಂತ ಮೇಲೆ. ಈ ಅಳತೆ ಹಿಡಿದರೆ 1930ರವರ ಗಾಳಿ ಇಳಿಯುತ್ತೆ, 1968ರವರಿಗೆ ನ್ಯಾಯ ಸಿಗುತ್ತೆ.

ಮೈದಾನಕ್ಕೆ ತಕ್ಕ ಹಾಗೆ ಯಾಕೆ ತಿದ್ದಬೇಕು? ಬೇಸ್‌ಬಾಲ್ ಮೈದಾನಗಳು ಒಂದರ ಹಾಗೆ ಒಂದಿಲ್ಲ. ಬೇಲಿ ಎಷ್ಟು ದೂರ ಅನ್ನೋದು ಊರಿಂದೂರಿಗೆ ಬೇರೆ. ಹಳೆಯ ಯಾಂಕೀ ಸ್ಟೇಡಿಯಮ್ಮನ್ನೇ ನೋಡಿ. ಬಲ ತುದಿಯ ಬೇಲಿ ಸುಮಾರು 295 ಅಡಿಗೇ ಸಿಗುತ್ತಿತ್ತು, 90 ಮೀಟರ್. ಎಡಗಡೆ ಮಧ್ಯದ ಬೇಲಿ 457 ಅಡಿ, ಹತ್ತಿರ ಹತ್ತಿರ 140 ಮೀಟರ್. ಆ ಜಾಗಕ್ಕೆ ‘ಸಾವಿನ ಕಣಿವೆ’ ಅಂತಲೇ ಹೆಸರು. ಎಡಗೈ ಬ್ಯಾಟರ್ ಎಳೆದು ಹೊಡೆದರೆ ಚೆಂಡು ಬಲಕ್ಕೆ ಹೋಗುತ್ತೆ, ಹತ್ತಿರದ ಬೇಲಿ. ಬಲಗೈ ಬ್ಯಾಟರ್ ಹೊಡೆದರೆ ಕಣಿವೆಗೆ. ಜೋ ಡಿಮ್ಯಾಜಿಯೊ ಬಲಗೈಯವರು. ಅವರ 361 ಹೋಮ್ ರನ್‌ಗಳಲ್ಲಿ ಮನೆಯ ಮೈದಾನದಲ್ಲಿ ಹೊಡೆದದ್ದು 148, ಹೊರಗಡೆ 213. ಅವರು ಹೊಡೆದ ಎಷ್ಟು ಚೆಂಡು ಆ ಕಣಿವೆಯಲ್ಲಿ ಕ್ಯಾಚ್ ಆಗಿ ಹೋದವೋ! ಹಾಗಾದರೆ ಎಡಗೈಯ ರೂತ್ ಹೆಸರು ಮಾಡಿದ್ದು ಆ ಹತ್ತಿರದ ಬೇಲಿಯಿಂದಲಾ? ಅದೂ ಅಲ್ಲ. 1927ರ 60ರಲ್ಲಿ 28 ಮನೆಯಲ್ಲಿ, 32 ಹೊರಗೆ. ಈ ವಾದದಲ್ಲಿ ಸಿದ್ಧ ಉತ್ತರ ಇಟ್ಟುಕೊಂಡು ಹೋದವರಿಗೆ ಆಗಾಗ ಹೀಗೇ ಪೆಟ್ಟು ಬೀಳುತ್ತೆ.

ಯಾವ ಅಳತೆಗೂ ಸರಿಯಾಗಿ ಸಿಗದ ಒಂದು ವಿಷಯ ಇದೆ. 1927ರ ರೂತ್, ಗೆರಿಗ್ ಎದುರಿಗೆ ಚೆಂಡು ಎಸೆದವರಲ್ಲಿ ಒಬ್ಬನೂ ಕಪ್ಪು ಪಿಚರ್ ಇರಲಿಲ್ಲ. ಬಿಡುತ್ತಿರಲಿಲ್ಲ. ಆ ಅಡ್ಡಗೋಡೆ ಒಡೆದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್ (ಈ ಎರಡು ದೊಡ್ಡ ಲೀಗ್‌ಗಳ) ಅಂಗಳಕ್ಕೆ ಇಳಿದದ್ದು 1947ರ ಏಪ್ರಿಲ್ 15ಕ್ಕೆ. ಯಾಂಕೀಸ್ ಅದಾದ ಮೇಲೂ ಕಾಲೆಳೆದು, 1955ರಲ್ಲಿ ತಮ್ಮ ಮೊದಲ ಕಪ್ಪು ಆಟಗಾರ ಎಲ್ಸ್ಟನ್ ಹೋವರ್ಡ್ ಅವರನ್ನು ಆಡಿಸಿದರು. ರೆಡ್ಸ್‌ನ ಎಂಟು ಜನರನ್ನು ಇನ್ನೊಂದು ಸಲ ನೋಡಿ. ಮಾರ್ಗನ್, ಗ್ರಿಫಿ, ಫಾಸ್ಟರ್ ಮೂವರೂ ಕಪ್ಪು ಅಮೆರಿಕನ್ನರು. ಪೆರೆಜ್ ಕ್ಯೂಬಾದವರು, ಕನ್ಸೆಪ್ಸಿಯೋನ್ ವೆನೆಜುವೆಲಾದವರು, ಜೆರೋನಿಮೋ ಡೊಮಿನಿಕನ್ ಗಣರಾಜ್ಯದವರು. ‘1927ರವರೂ 1976ರವರೂ ಎದುರಾದರೆ ಯಾರು ಗೆಲ್ಲುತ್ತಾರೆ’ ಅಂತ ಕೇಳುತ್ತಾರಲ್ಲ, ಪಂದ್ಯ 1927ರಲ್ಲಿ ನಡೆದರೆ ರೆಡ್ಸ್‌ಗೆ ಸಾಲು ತುಂಬಿಸೋದೇ ಕಷ್ಟ.

ಮತ್ತೆ ಆ ಕಾಲದ ಕಪ್ಪು ಆಟಗಾರರು ಎಲ್ಲಿದ್ದರು? ನೀಗ್ರೋ ಲೀಗ್‌ಗಳಲ್ಲಿ. 1930ರ ದಶಕದ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದಲ್ಲಿ ಜಾಶ್ ಗಿಬ್ಸನ್, ಆಸ್ಕರ್ ಚಾರ್ಲ್ಸ್ಟನ್, ಕೂಲ್ ಪಾಪಾ ಬೆಲ್, ಜೂಡಿ ಜಾನ್ಸನ್ ಒಟ್ಟಿಗೆ ಆಡಿದರು. ನಾಲ್ವರೂ ಈಗ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಸಾರ್ವಕಾಲಿಕ ಸಾಲುಗಳ ಪಟ್ಟಿಗಳಲ್ಲಿ ಇವರ ಹೆಸರು ಬಹಳ ವರ್ಷ ಇರಲೇ ಇಲ್ಲ, ಇದ್ದರೂ ಅಡಿಟಿಪ್ಪಣಿಯಲ್ಲಿ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಈ ಲೀಗ್‌ಗಳನ್ನೂ ಮೇಜರ್ ಲೀಗ್ ಅಂತ ಒಪ್ಪಿಕೊಂಡಿತು. 2024ರ ಮೇನಲ್ಲಿ ಅವುಗಳ ಅಂಕಿಗಳು ಅಧಿಕೃತ ದಾಖಲೆ ಸೇರಿದವು. ಅವತ್ತಿನಿಂದ ವೃತ್ತಿಜೀವನದ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಟೈ ಕಾಬ್ ಅವರದಲ್ಲ, ಜಾಶ್ ಗಿಬ್ಸನ್ ಅವರದು, 0.372. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ. ರಾಬಿನ್ಸನ್ ಒಳಗೆ ಬರೋದಕ್ಕೆ ಮೂರು ತಿಂಗಳು ಮುಂಚೆ.

ಇದಕ್ಕೂ ತಕರಾರು ಇದೆ. ಆ ಲೀಗ್‌ಗಳ ಸೀಸನ್ ಚಿಕ್ಕದು, ಚಿಕ್ಕ ಸೀಸನ್‌ನಲ್ಲಿ ಸರಾಸರಿ ಮೇಲೇರೋದು ಸುಲಭ ಅಂತಾರೆ. ಮಾತು ಸುಳ್ಳಲ್ಲ. ಆದರೆ ಸೀಸನ್ ಚಿಕ್ಕದಾಗಿದ್ದು ಅವರ ತಪ್ಪಲ್ಲ. ಲೀಗ್ ಪಂದ್ಯ ಮುಗಿದ ಮೇಲೆ ಹೊಟ್ಟೆಪಾಡಿಗೆ ಬಸ್ ಹತ್ತಿ ಊರೂರು ಸುತ್ತಿ ಆಡುತ್ತಿದ್ದರು, ಅವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ನನ್ನನ್ನು ಕೇಳಿದರೆ ಎಲ್ಲ ತಂಡಗಳನ್ನೂ ಕಲೆಸಿ ಒಂದೇ ಸಾಲು ಕಟ್ಟುವಾಗ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಜಾಗದಲ್ಲಿ ಗಿಬ್ಸನ್ ಹೆಸರು ಪೆನ್ನಿನಲ್ಲೇ ಬರೆಯಬೇಕು, ಪೆನ್ಸಿಲ್‌ನಲ್ಲಿ ಅಲ್ಲ.

ಇನ್ನು ಒಂದೇ ತಂಡದ ಸಾರ್ವಕಾಲಿಕ ಸಾಲು. ಇದು ಬೇರೆಯದೇ ಆಟ. ಇಲ್ಲಿ ಒಂಬತ್ತು ದೊಡ್ಡ ಹೆಸರು ಬರೆದರೆ ಸಾಲು ಆಗಲ್ಲ. ಕ್ಯಾಚರ್ ಒಬ್ಬ ಬೇಕು, ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಒಬ್ಬ ಬೇಕು, ಮೂರು ಬೇಸ್‌ಗೆ ಮೂವರು, ಹೊರಗಿನ ಹುಲ್ಲಿಗೆ ಮೂವರು. ಮದುವೆ ಮನೆಗೆ ಹೋಳಿಗೆ ಮಾಡೋರೇ ಒಂಬತ್ತು ಜನ ಬಂದರೆ ಸಾರಿಗೆ ಒಗ್ಗರಣೆ ಹಾಕೋರು ಯಾರು? ಇನ್ನೊಂದು ನಿಯಮ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಆ ತಂಡದ ಅಂಗಿಯಲ್ಲಿ ಎಷ್ಟು ವರ್ಷ ಆಡಿರಬೇಕು? ರಿಕಿ ಹೆಂಡರ್ಸನ್ ಬೇಸ್‌ಬಾಲ್ ಕಂಡ ಅತ್ಯುತ್ತಮ ಮೊದಲ ಬ್ಯಾಟರ್, ಯಾಂಕೀಸ್ ಪರ 1985ರಲ್ಲಿ 146 ರನ್, 80 ಬೇಸ್ ಕಳವು. ಆದರೆ ಅಲ್ಲಿದ್ದದ್ದು ಐದು ವರ್ಷಕ್ಕೂ ಕಡಿಮೆ. ಅವರು ಯಾಂಕೀನಾ, ಅತಿಥಿನಾ? ಇದನ್ನು ಮೊದಲೇ ಮಾತಾಡಿಕೊಳ್ಳದೆ ಹೆಸರು ಎಸೆಯೋಕೆ ಶುರು ಮಾಡಿದರೆ ರಾತ್ರಿ ಊಟ ತಣ್ಣಗಾಗೋದು ಖಂಡಿತ.

ಪಿಚರ್ ಬ್ಯಾಟ್ ಮಾಡಬೇಕಾ ಬೇಡವಾ ಅನ್ನೋದು ಇನ್ನೊಂದು. 1973ರಲ್ಲಿ ಅಮೆರಿಕನ್ ಲೀಗ್ ಪಿಚರ್ ಬದಲು ಬರೀ ಬ್ಯಾಟ್ ಮಾಡುವ ಒಬ್ಬನನ್ನು ಇಟ್ಟುಕೊಳ್ಳಲು ಬಿಟ್ಟಿತು. ‘ಡೆಸಿಗ್ನೇಟೆಡ್ ಹಿಟ್ಟರ್’, ಚಿಕ್ಕದಾಗಿ ಡಿಎಚ್. ಅಂಥ ಮೊದಲ ಬ್ಯಾಟರ್ ಯಾಂಕೀಸ್‌ನ ರಾನ್ ಬ್ಲೂಮ್‌ಬರ್ಗ್. 2022ರಿಂದ ಎರಡೂ ಲೀಗ್‌ಗಳಲ್ಲಿ ಕಾಯಂ. ಸಾಲು ಕಟ್ಟುವವರಿಗೆ ಇದೊಂದು ವರ. ಒಂದೇ ಜಾಗಕ್ಕೆ ಇಬ್ಬರು ದೇವರಿದ್ದರೆ ಒಬ್ಬರನ್ನು ಡಿಎಚ್ ಮಾಡಿ ಕೈ ತೊಳೆದುಕೊಳ್ಳಬಹುದು.

ನಾನೂ ಒಂದು ಯಾಂಕೀ ಸಾಲು ಕಟ್ಟಿದ್ದೀನಿ. ಲೆಕ್ಕದವರು ಒಪ್ಪಲ್ಲ, ಇರಲಿ. 1929ರ ನಿಯಮವನ್ನೇ ಇಟ್ಟುಕೊಂಡೆ: ಬೆನ್ನ ಮೇಲೆ ಯಾವ ನಂಬರೋ ಅದೇ ಸರದಿ. 1, ಕೂಂಬ್ಸ್. 1927ರಲ್ಲಿ 0.356 ಹೊಡೆದ ಮೊದಲ ಬ್ಯಾಟರ್. 2, ಶಾರ್ಟ್‌ಸ್ಟಾಪ್ ಡೆರೆಕ್ ಜೀಟರ್. 3,465 ಹಿಟ್, ಬೇರೆ ಅಂಗಿ ತೊಟ್ಟವರೇ ಅಲ್ಲ. 3, ರೂತ್. 4, ಗೆರಿಗ್. 5, ಡಿಮ್ಯಾಜಿಯೊ, 1941ರಲ್ಲಿ ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದವರು. 6, ಎರಡನೇ ಬೇಸ್‌ಗೆ ಲಜೆರಿ. 7, ಮ್ಯಾಂಟಲ್. 8, ಕ್ಯಾಚರ್ ಯೋಗಿ ಬೆರಾ, ಮೂರು ಸಲ ಶ್ರೇಷ್ಠ ಆಟಗಾರ, ಆಡಿ ಗೆದ್ದ ವರ್ಲ್ಡ್ ಸೀರೀಸ್ ಹತ್ತು. 9, ಮೂರನೇ ಬೇಸ್‌ಗೆ 1970ರ ದಶಕದ ಗ್ರೇಗ್ ನೆಟಲ್ಸ್. ನೋಡಿ, ಪ್ರತಿ ಜಾಗಕ್ಕೂ ಜನ ಸಿಕ್ಕರು! ಮೊದಲ ಸಲ ಇದು ಕೂಡಿ ಬಂದಾಗ ನಾನು ಪದಬಂಧ ಬಿಡಿಸಿದಷ್ಟು ಖುಷಿಪಟ್ಟೆ.

ಕಳೆದುಕೊಂಡದ್ದೂ ಇದೆ. 2022ರಲ್ಲಿ 62 ಹೊಡೆದು ಮ್ಯಾರಿಸ್ ಅವರ ಅಮೆರಿಕನ್ ಲೀಗ್ ದಾಖಲೆ ಮುರಿದ ಆ್ಯರನ್ ಜಡ್ಜ್ ಬೆನ್ನ ಮೇಲೆ 99 ಇದೆ. ಅವರ ಸರದಿ ಬರೋ ಹೊತ್ತಿಗೆ ಬೆಳಗಾಗುತ್ತೆ. ಮೂರನೇ ಬೇಸ್‌ನಲ್ಲಿ ನೆಟಲ್ಸ್‌ಗಿಂತ ಅಲೆಕ್ಸ್ ರೊಡ್ರಿಗೆಜ್ ದೊಡ್ಡ ಬ್ಯಾಟರ್, ಉದ್ದೀಪನ ಮದ್ದಿನ ಶಿಕ್ಷೆಯಿಂದ 2014ರ ಇಡೀ ಸೀಸನ್ ಹೊರಗೆ ಕೂತರು ಅನ್ನೋದನ್ನು ಮರೆಯಲು ಸಿದ್ಧರಿದ್ದರೆ. ಮ್ಯಾಂಟಲ್‌ರನ್ನು ಏಳನೇ ಜಾಗದಲ್ಲಿ ನಿಲ್ಲಿಸಿದರೆ ಎರಡನೇ ಜಾಗಕ್ಕಿಂತ ವರ್ಷಕ್ಕೆ 90 ಸರದಿ ಪೋಲು. ಮೇಲೆ ಮಾಡಿದ ಲೆಕ್ಕ ನನ್ನ ಮುಖಕ್ಕೇ ವಾಪಸ್ ಬರುತ್ತೆ.

ಅದಕ್ಕಿಂತ ದೊಡ್ಡ ತಲೆನೋವು ಹೊರಗಿನ ಹುಲ್ಲಿನದು. ಕೂಂಬ್ಸ್, ಡಿಮ್ಯಾಜಿಯೊ, ಮ್ಯಾಂಟಲ್ ಮೂವರೂ ಸೆಂಟರ್ ಫೀಲ್ಡಿನವರು. ಕೂಂಬ್ಸ್‌ರನ್ನು ಎಡಕ್ಕೆ ಕಳಿಸಿದೆ. ಉಳಿದ ಇಬ್ಬರದೇ ಯಾಂಕೀಸ್ ಅಭಿಮಾನಿಗಳ ಹಳೆಯ ಜಗಳ. ಮ್ಯಾಂಟಲ್ ಎರಡೂ ಕೈಯಲ್ಲಿ ಆಡುತ್ತಿದ್ದರು, 536 ಹೋಮ್ ರನ್. 1956ರಲ್ಲಿ 0.353, 52 ಹೋಮ್ ರನ್, ಅವರ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್ 130, ಮೂರರಲ್ಲೂ ಲೀಗ್‌ಗೇ ಮೊದಲು. ಡಿಮ್ಯಾಜಿಯೊ ಆಡಿದ್ದು 13 ವರ್ಷ, ಯುದ್ಧಕ್ಕೆ ಹೋಗಿ ಮೂರು ವರ್ಷ ಕಳೆದುಕೊಂಡರು. 361 ಹೋಮ್ ರನ್ ಹೊಡೆದವರು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗಿದ್ದು ಬರೀ 369 ಸಲ. ಬ್ಯಾಟಿಂಗ್ ಮಾತ್ರ ನೋಡಿದರೆ ನನ್ನ ವೋಟು ಮ್ಯಾಂಟಲ್‌ಗೆ. ಆದರೂ ಸೆಂಟರ್ ಫೀಲ್ಡಿನಲ್ಲಿ ಡಿಮ್ಯಾಜಿಯೊರನ್ನು ನಿಲ್ಲಿಸಿ ಮ್ಯಾಂಟಲ್‌ರನ್ನು ಡಿಎಚ್ ಮಾಡಿದೆ. ಕಾರಣ ಮ್ಯಾಂಟಲ್ ಮೊಣಕಾಲು.

1951ರ ಅಕ್ಟೋಬರ್ 5, ಯಾಂಕೀ ಸ್ಟೇಡಿಯಂ, ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯ. ಸೆಂಟರ್ ಫೀಲ್ಡಿನಲ್ಲಿ 36 ವರ್ಷದ ಡಿಮ್ಯಾಜಿಯೊ, ಅದು ಅವರ ಕೊನೆಯ ಸೀಸನ್. ಪಕ್ಕದ ರೈಟ್ ಫೀಲ್ಡಿನಲ್ಲಿ 19 ವರ್ಷದ ಹೊಸ ಹುಡುಗ ಮ್ಯಾಂಟಲ್. ಐದನೇ ಇನಿಂಗ್ಸ್‌ನಲ್ಲಿ ಜೈಂಟ್ಸ್‌ನ ಇನ್ನೊಬ್ಬ ಹೊಸ ಹುಡುಗ ಚೆಂಡನ್ನು ಇಬ್ಬರ ನಡುವೆ ಎತ್ತಿ ಹೊಡೆದ. ಹೆಸರು ವಿಲಿ ಮೇಸ್. ಅವನೂ ಮುಂದೆ ಸೆಂಟರ್ ಫೀಲ್ಡಿಗೇ ದೊಡ್ಡ ಹೆಸರಾದವನು. ಮ್ಯಾಂಟಲ್ ಪೂರ್ತಿ ವೇಗದಲ್ಲಿ ಓಡಿ ಬಂದರು. ಚೆಂಡಿನ ಕೆಳಗೆ ಡಿಮ್ಯಾಜಿಯೊ ಆಗಲೇ ನಿಂತಿದ್ದು ಕಂಡು ಗಕ್ಕನೆ ನಿಂತರು. ಬೂಟಿನ ಮುಳ್ಳು ಹುಲ್ಲಿನಲ್ಲಿದ್ದ ಮೋರಿಯ ಮುಚ್ಚಳಕ್ಕೆ ಸಿಕ್ಕಿಕೊಂಡು ಬಲ ಮೊಣಕಾಲು ತಿರುಚಿತು. ಅವರು ಅಲ್ಲೇ ಕುಸಿದರು. ಪಕ್ಕದಲ್ಲೇ ಡಿಮ್ಯಾಜಿಯೊ ಕ್ಯಾಚ್ ಹಿಡಿದರು.